ಕಳೆ ಮೆಷಿನ್ ಸ್ಟಾರ್ಟ್ ಆಗುತ್ತಿಲ್ಲವೇ? ಜಗಲಿಯಲ್ಲೇ ಕೂತು ಸರಿಮಾಡುವ ದಾರಿ

ಮಳೆ ಬಿಟ್ಟು ನಾಲ್ಕು ದಿನ ಬಿಸಿಲು ಬಿದ್ದರೆ ಸಾಕು, ನಮ್ಮ ಕಡೆ ತೋಟದಿಂದ ತೋಟಕ್ಕೆ ಕಳೆ ಮೆಷಿನ್ ಸದ್ದು ಶುರುವಾಗುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರ ಎಲ್ಲಾ ಕಡೆ ಇದೇ ಕಥೆ. ಕೊನೆ ಕೊಯ್ಲಿಗೆ ಮೊದಲು ಹುಲ್ಲು ಹೊಡೆದು ಮುಗಿಸಲೇಬೇಕು. ಇಲ್ಲದಿದ್ದರೆ ಉದುರಿದ ಅಡಿಕೆ ಹುಲ್ಲಿನೊಳಗೆ ಕಾಣುವುದೇ ಇಲ್ಲ. ಸರಿಯಾಗಿ ಅದೇ ವಾರ ಮೆಷಿನ್ ಕೈಕೊಡುತ್ತದೆ. ಹಗ್ಗ ಎಳೆದು ಎಳೆದು ರಟ್ಟೆ ಸೋಲುತ್ತದೆ. ಪೇಟೆಗೆ ಒಯ್ದರೆ ಅಂಗಡಿಯ ಮುಂದೆ ಆಗಲೇ ಹತ್ತಾರು ಮೆಷಿನ್ ಸಾಲಾಗಿ ಮಲಗಿರುತ್ತವೆ. ಕೆಲಸಕ್ಕೆ ಬಂದವರು ಸುಮ್ನೆ ಕೂರಬೇಕು, ಕೂಲಿ ಕೊಡಲೇಬೇಕು.

ನಮ್ಮ ಮನೆಯ ಮತ್ತು ಅಕ್ಕಪಕ್ಕದ ಮನೆಗಳ ಮೆಷಿನ್‌ಗಳನ್ನು ವರ್ಷಗಟ್ಟಲೆ ಬಿಚ್ಚಿ ಜೋಡಿಸಿದ ಮೇಲೆ ನನಗೆ ಒಂದು ವಿಷಯ ಖಾತ್ರಿಯಾಗಿದೆ. ಸ್ಟಾರ್ಟ್ ಆಗದ ಮೆಷಿನ್‌ನಲ್ಲಿ ಹೆಚ್ಚಿನ ಸಲ ಕೆಟ್ಟಿರುವುದು ಎಂಜಿನ್ ಅಲ್ಲ, ಅದರೊಳಗಿನ ಪೆಟ್ರೋಲ್. ಅದಕ್ಕೇ ಪೆಟ್ರೋಲ್‌ನಿಂದ ಶುರುಮಾಡಿ, ಒಂದೊಂದೇ ನೋಡುತ್ತಾ ಮುಂದೆ ಹೋಗಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ. ಕಿಡಿ ಕೊಡುವ ಪ್ಲಗ್ಗೂ ಬದಲಿಸಿ, ಪೆಟ್ರೋಲ್‌ಗೆ ಗಾಳಿ ಬೆರೆಸುವ ಕಾರ್ಬುರೇಟರ್‌ನ ಸ್ಕ್ರೂನೂ ತಿರುಗಿಸಿ, ಫಿಲ್ಟರ್ರೂ ತೆಗೆದರೆ ತಪ್ಪು ಎಲ್ಲಿತ್ತು ಎಂದು ಕೊನೆಗೂ ಗೊತ್ತಾಗುವುದಿಲ್ಲ.

ಇಲ್ಲಿ ಹೇಳುತ್ತಿರುವುದು ಹೆಗಲಿಗೆ ಅಥವಾ ಬೆನ್ನಿಗೆ ಹಾಕಿಕೊಂಡು ಹುಲ್ಲು ಹೊಡೆಯುವ ಪೆಟ್ರೋಲ್ ಮೆಷಿನ್ ಬಗ್ಗೆ. ಬ್ರಶ್ ಕಟ್ಟರ್, ವೀಡ್ ಕಟ್ಟರ್ ಎಂದೂ ಕರೆಯುತ್ತಾರೆ.

ನಿಮ್ಮದು ಟೂ ಸ್ಟ್ರೋಕೋ, ಫೋರ್ ಸ್ಟ್ರೋಕೋ?

ಇದು ಗೊತ್ತಿಲ್ಲದೆ ಸ್ಪಾನರ್ ಹಿಡಿಯಬೇಡಿ. ಟೂ ಸ್ಟ್ರೋಕ್‌ಗೆ ಪೆಟ್ರೋಲ್‌ನಲ್ಲೇ ಆಯಿಲ್ ಬೆರೆಸಿ ಹಾಕಬೇಕು. ಎಂಜಿನ್‌ಗೆ ಬೇರೆ ಆಯಿಲ್ ಹಾಕುವ ಜಾಗವೇ ಇರುವುದಿಲ್ಲ. ಫೋರ್ ಸ್ಟ್ರೋಕ್‌ಗೆ ಬರೀ ಪೆಟ್ರೋಲ್, ಆಯಿಲ್ ಹಾಕಲು ಬೇರೆ ಮುಚ್ಚಳ ಇರುತ್ತದೆ. ಹೋಂಡಾದ ಜಿಎಕ್ಸ್ 35 ಎಂಜಿನ್ ಇರುವ ಮೆಷಿನ್ ನಮ್ಮಲ್ಲಿ ಬೇಕಾದಷ್ಟು ಇವೆ. ಅದು 35.8 ಸಿಸಿಯ ಫೋರ್ ಸ್ಟ್ರೋಕ್. ಅದಕ್ಕೆ ಹಿಡಿಸುವ ಆಯಿಲ್ ಕೇವಲ 100 ಮಿಲಿ. ಇಷ್ಟು ಕಡಿಮೆ ಆಯಿಲ್ ಇರುವುದರಿಂದಲೇ ಅದು ಬೇಗ ಕಪ್ಪಾಗುತ್ತದೆ. ಮೊದಲ ಸಲ 10 ಗಂಟೆ ಓಡಿದ ಮೇಲೆ, ಆಮೇಲೆ 50 ಗಂಟೆಗೊಮ್ಮೆ ಅಥವಾ ಆರು ತಿಂಗಳಿಗೊಮ್ಮೆ ಬದಲಿಸಬೇಕು. ಜಾಸ್ತಿ ಹಾಕಿದರೂ ತೊಂದರೆ: ಬಿಳಿ ಹೊಗೆ ಕಾರುತ್ತದೆ, ಏರ್ ಫಿಲ್ಟರ್ ಆಯಿಲ್‌ನಲ್ಲಿ ನೆನೆಯುತ್ತದೆ.

ಟೂ ಸ್ಟ್ರೋಕ್‌ನಲ್ಲಿ ಅಳತೆ ಮುಖ್ಯ. 50ಕ್ಕೆ 1 ಎಂದಿದ್ದರೆ ಒಂದು ಲೀಟರ್ ಪೆಟ್ರೋಲ್‌ಗೆ 20 ಮಿಲಿ ಟೂ ಸ್ಟ್ರೋಕ್ ಆಯಿಲ್. 25ಕ್ಕೆ 1 ಎಂದಿದ್ದರೆ 40 ಮಿಲಿ. ಯಾವುದು ಎಂದು ಮೆಷಿನ್ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ, ಆಯಿಲ್ ಡಬ್ಬಿಯ ಮೇಲೂ ನೋಡಿ. ಅಳೆಯಲು ಔಷಧಿ ಅಂಗಡಿಯ 20 ಮಿಲಿ ಸಿರಿಂಜ್ ಸಾಕು. ಅಂದಾಜಿನಲ್ಲಿ ಮುಚ್ಚಳದ ಲೆಕ್ಕ ಬೇಡ.

ನಮ್ಮ ಮನೆಯ ಮೊದಲ ಮೆಷಿನ್ ಹೋದದ್ದು ಇದರಿಂದಲೇ. ಬೈಕಿಗೆ ತಂದಿಟ್ಟ ಪೆಟ್ರೋಲ್ ಕ್ಯಾನ್, ಆಯಿಲ್ ಬೆರೆಸಿದ ಕ್ಯಾನ್ ಎರಡೂ ಒಂದೇ ಬಣ್ಣದವು. ಗಡಿಬಿಡಿಯಲ್ಲಿ ಬರೀ ಪೆಟ್ರೋಲ್ ಹಾಕಿಕೊಂಡು ತೋಟಕ್ಕೆ ಹೋದೆವು. ಅರ್ಧ ಗಂಟೆಯೂ ಓಡಲಿಲ್ಲ. ಸದ್ದು ಕೀರಲಾಯಿತು, ನಿಂತಿತು, ಆಮೇಲೆ ಹಗ್ಗ ಅಲುಗಲಿಲ್ಲ. ಪಿಸ್ಟನ್, ಸಿಲಿಂಡರ್ ಎರಡೂ ಹಾಳು. ಅವತ್ತಿನಿಂದ ಆಯಿಲ್ ಬೆರೆಸಿದ ಕ್ಯಾನ್‌ನ ಹಿಡಿಗೆ ಕೆಂಪು ಬಟ್ಟೆ ಕಟ್ಟಿ ಇಡುತ್ತೇವೆ. ಕತ್ತಲಲ್ಲಿ ಕೈಗೆ ಸಿಕ್ಕರೂ ಗೊತ್ತಾಗುತ್ತದೆ.

ಕೂರುವ ಜಾಗ, ಬೇಕಾದ ಸಾಮಾನು

ತೋಟದಲ್ಲೇ ಹುಲ್ಲಿನ ಮೇಲೆ ಕೂತು ಬಿಚ್ಚಬೇಡಿ. ಒಂದು ಸ್ಪ್ರಿಂಗ್ ಹಾರಿದರೆ ಮತ್ತೆ ಸಿಗುವುದಿಲ್ಲ. ಇನ್ನೊಂದು ಕಾರಣ ಉಣುಗು. ಅದು ಕಚ್ಚಿದರೆ ಮಂಗನ ಕಾಯಿಲೆ ಬರಬಹುದು. ಮಂಗನ ಕಾಯಿಲೆ ಮೊದಲು ಗೊತ್ತಾದದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಕಡೆ, 1957ರಲ್ಲಿ. ಬೇಸಿಗೆಯಲ್ಲಿ ಕಾಡಂಚಿನ ಹುಲ್ಲಿನ ಬ್ಯಾಣದಲ್ಲಿ ಗಂಟೆಗಟ್ಟಲೆ ನೆಲದ ಮೇಲೆ ಕೂರುವುದು ಒಳ್ಳೆಯದಲ್ಲ. ಮೆಷಿನ್ ಹೊತ್ತು ಮನೆಗೆ ತನ್ನಿ. ಜಗಲಿಯ ಮೇಲೆ ಹಳೆಯ ಬಿಳಿ ಪಂಚೆ ಹಾಸಿ. ಬಿದ್ದ ಸ್ಕ್ರೂ ಬಿಳಿ ಬಟ್ಟೆಯ ಮೇಲೆ ಥಟ್ಟನೆ ಕಾಣುತ್ತದೆ. ಬಚ್ಚಲ ಒಲೆ, ಅಡಿಕೆ ಬೇಯಿಸುವ ಒಲೆ ಹತ್ತಿರ ಇದ್ದರೆ ಜಾಗ ಬದಲಿಸಿ. ಬೀಡಿ ಸಿಗರೇಟು ಹತ್ತಿರ ಸುಳಿಯಬಾರದು.

ಸಾಮಾನು ಜಾಸ್ತಿ ಬೇಡ. ಪ್ಲಗ್ ಸ್ಪಾನರ್, ಎಲನ್ ಕೀ ಸೆಟ್, ನಕ್ಷತ್ರದ ತಲೆಯ ಟಾರ್ಕ್ಸ್ ಕೀ, ದೊಡ್ಡದೊಂದು ಚಿಕ್ಕದೊಂದು ಸ್ಕ್ರೂಡ್ರೈವರ್, ಕಟಿಂಗ್ ಪ್ಲೇಯರ್, ಹಳೇ ಹಲ್ಲುಜ್ಜುವ ಬ್ರಶ್, ನಯವಾದ ಉಪ್ಪು ಕಾಗದ, ಬನಿಯನ್ ಬಟ್ಟೆ, ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಒಂದು ಡಬ್ಬಿ. ಜೊತೆಗೆ ಮೊಬೈಲ್. ಪ್ರತಿ ಭಾಗ ಬಿಚ್ಚುವ ಮೊದಲು ಒಂದು ಫೋಟೋ ತೆಗೆಯಿರಿ. ಮತ್ತೆ ಜೋಡಿಸುವಾಗ ಅದಕ್ಕಿಂತ ಒಳ್ಳೆಯ ಸಹಾಯ ಬೇರೆ ಇಲ್ಲ. ಸ್ಟಾರ್ಟ್ ಮಾಡಿ ನೋಡುವುದನ್ನು ಬಿಟ್ಟರೆ ಉಳಿದ ಯಾವ ಕೆಲಸಕ್ಕೂ ಮೊದಲು ಪ್ಲಗ್ ಕ್ಯಾಪ್ ಕಳಚಿ ಇಡಿ. ಬ್ಲೇಡ್ ಕೈಯಲ್ಲಿ ಹಿಡಿದಾಗ ಎಂಜಿನ್ ಅಪ್ಪಿತಪ್ಪಿಯೂ ತಿರುಗಬಾರದು.

ಮೊದಲು ಪೆಟ್ರೋಲ್

ಟ್ಯಾಂಕ್‌ನಲ್ಲಿರುವ ಪೆಟ್ರೋಲ್ ಎಷ್ಟು ದಿನದ್ದು? ಆಯಿಲ್ ಬೆರೆಸಿದ ಪೆಟ್ರೋಲ್ ಒಂದು ತಿಂಗಳೊಳಗೆ ಖಾಲಿಯಾಗಬೇಕು. ಮಳೆಗಾಲ ಪೂರ್ತಿ ಟ್ಯಾಂಕ್‌ನಲ್ಲೇ ಇದ್ದದ್ದಾದರೆ ಯೋಚಿಸುವುದೇ ಬೇಡ, ತೆಗೆದುಬಿಡಿ.

ಈಗ ಪಂಪ್‌ನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ಜುಲೈನಲ್ಲಿ ನಮ್ಮ ಕೊಟ್ಟಿಗೆ, ಅಟ್ಟ, ಉಪ್ಪಿನ ಮರಿಗೆ ಎಲ್ಲಾ ಒದ್ದೆ ಒದ್ದೆ. ಉಪ್ಪು ನೀರಾಗುವ ಆ ಗಾಳಿಯಲ್ಲೇ ಪೆಟ್ರೋಲ್ ಕೂಡ ತಿಂಗಳುಗಟ್ಟಲೆ ಕೂತಿರುತ್ತದೆ. ನೀರು ಒಂದು ಮಟ್ಟ ದಾಟಿದರೆ ಎಥನಾಲ್ ಮತ್ತು ನೀರು ಸೇರಿ ಪೆಟ್ರೋಲ್‌ನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಪೆಟ್ರೋಲ್ ಪೈಪ್ ಹೀರುವುದು ತಳದಿಂದಲೇ ಅಲ್ವಾ? ಎಂಜಿನ್‌ಗೆ ಹೋಗುವುದು ಆ ನೀರು. ಅದು ಹೊತ್ತಿಕೊಳ್ಳುವುದಿಲ್ಲ. ಟೂ ಸ್ಟ್ರೋಕ್ ಆಯಿಲ್ ಮೇಲಿನ ಪದರದಲ್ಲೇ ಉಳಿದುಬಿಡುತ್ತದೆ.

ಟ್ಯಾಂಕ್‌ನ ಪೆಟ್ರೋಲನ್ನು ಗಾಜಿನ ಬಾಟಲಿಗೆ ಬಗ್ಗಿಸಿ ಹತ್ತು ನಿಮಿಷ ಅಲುಗಾಡಿಸದೆ ಇಡಿ. ತಳದಲ್ಲಿ ಬೇರೆ ಪದರ ಕಂಡರೆ, ಅಥವಾ ಪೂರ್ತಿ ಮಬ್ಬು ಮಬ್ಬಾಗಿದ್ದರೆ ಅದೇ ಕಾರಣ. ಮೂಗಿಗೂ ಗೊತ್ತಾಗುತ್ತದೆ. ಹಳೆಯ ಪೆಟ್ರೋಲ್ ಬಣ್ಣದ ಡಬ್ಬಿಯ ಹಾಗೆ ಹುಳಿ ವಾಸನೆ ಹೊಡೆಯುತ್ತದೆ. ಅದನ್ನು ತೋಟದ ಬಸಿಗಾಲುವೆಗೆ ಚೆಲ್ಲಬೇಡಿ, ಹಳ್ಳಕ್ಕೆ ಹೋಗುತ್ತದೆ. ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಟ್ಟು ಪೇಟೆಯ ಗ್ಯಾರೇಜಿಗೆ ಕೊಡಿ.

ಖಾಲಿ ಟ್ಯಾಂಕ್‌ಗೆ ಸ್ವಲ್ಪ ಹೊಸ ಪೆಟ್ರೋಲ್ ಹಾಕಿ ಕುಲುಕಿ ಅದೇ ಡಬ್ಬಿಗೆ ಬಗ್ಗಿಸಿ. ಆಮೇಲೆ ಒಂದು ತಂತಿಯ ತುದಿ ಕೊಕ್ಕೆಯ ಹಾಗೆ ಬಗ್ಗಿಸಿ ಟ್ಯಾಂಕ್‌ನ ಬಾಯಿಂದ ಒಳಗಿನ ಪೈಪನ್ನು ಎಳೆದು ತೆಗೆಯಿರಿ. ಪೈಪಿನ ತುದಿಯಲ್ಲಿ ಪುಟ್ಟ ಫಿಲ್ಟರ್ ಇರುತ್ತದೆ. ಅದು ಕಪ್ಪಾಗಿ ಅಂಟಂಟಾಗಿದ್ದರೆ ತೊಳೆಯುವ ಕಷ್ಟ ಬೇಡ, ಹೊಸದು ಹಾಕಿ. ಕಡಿಮೆ ಬೆಲೆಯ ಸಾಮಾನು ಅದು. ಪೈಪನ್ನು ಬೆರಳಿನಲ್ಲಿ ಬಗ್ಗಿಸಿ ನೋಡಿ. ಮೆತ್ತಗಿರಬೇಕು. ಬಿರುಕು ಬಿಟ್ಟಿದ್ದರೆ ಗಾಳಿ ಎಳೆಯುತ್ತದೆ, ಪೆಟ್ರೋಲ್ ಬರುವುದಿಲ್ಲ. ಕೊಟ್ಟಿಗೆಯ ಮೆಷಿನ್ ಆದರೆ ಇಲಿ ಕಡಿದಿದೆಯೇ ಎಂದೂ ನೋಡಿ. ಪೈಪು, ವೈರು ಎರಡನ್ನೂ ಅವು ಬಿಡುವುದಿಲ್ಲ.

ಈಗ ಕಾರ್ಬುರೇಟರ್ ಹತ್ತಿರದ ಮೆತ್ತನೆ ಗುಂಡಿಯನ್ನು, ಅಂದರೆ ಪ್ರೈಮರ್ ಬಲ್ಬನ್ನು ಎಂಟು ಹತ್ತು ಸಲ ಒತ್ತಿ. ಅದರೊಳಗೆ ಪೆಟ್ರೋಲ್ ತುಂಬಬೇಕು. ಬರೀ ಗುಳ್ಳೆ ಬರುತ್ತಿದ್ದರೆ ಪೈಪಿನಲ್ಲಿ ಎಲ್ಲೋ ಗಾಳಿ ಸೇರುತ್ತಿದೆ, ಇಲ್ಲವೇ ಬಲ್ಬೇ ಬಿಸಿಲಿಗೆ ಸೀಳಿದೆ. ಒತ್ತಿದಾಗ ಟ್ಯಾಂಕ್ ಒಳಗೆ ಗುಳುಗುಳು ಎಂದರೂ ಬಲ್ಬ್ ಖಾಲಿಯೇ ಇದ್ದರೆ ಎರಡು ಪೈಪುಗಳು ಅದಲು ಬದಲಾಗಿರಬಹುದು. ಒಂದು ಪೆಟ್ರೋಲ್ ತರುವ ಪೈಪು, ಇನ್ನೊಂದು ಹೆಚ್ಚಾದದ್ದು ಟ್ಯಾಂಕ್‌ಗೆ ಮರಳುವ ಪೈಪು. ಫಿಲ್ಟರ್ ಇರುವುದು ತರುವ ಪೈಪಿಗೆ.

ಬಲ್ಬ್ ತುಂಬಿತೇ? ಹಗ್ಗ ಎಳೆದು ನೋಡಿ. ಬಹಳ ಮೆಷಿನ್‌ಗಳು ಇಲ್ಲೇ ಸ್ಟಾರ್ಟ್ ಆಗುತ್ತವೆ. ಆದರೆ ಚೋಕ್, ಅಂದರೆ ಗಾಳಿ ಕಡಿಮೆ ಮಾಡಿ ಪೆಟ್ರೋಲ್ ಹೆಚ್ಚು ಎಳೆಯುವ ಸನ್ನೆ, ಅದರ ವಿಷಯದಲ್ಲಿ ಜಾಗ್ರತೆ. ತಣ್ಣಗಿರುವ ಎಂಜಿನ್‌ಗೆ ಚೋಕ್ ಹಾಕಿ ಎಳೆಯಬೇಕು. ಒಂದು ಸಲ ಕೆಮ್ಮಿದ ಹಾಗೆ ಸದ್ದು ಬಂದ ಕೂಡಲೇ ಚೋಕ್ ತೆಗೆದು ಎಳೆಯಬೇಕು. ಆ ಕೆಮ್ಮು ಕೇಳಿಸಿಕೊಳ್ಳದೆ ಚೋಕ್ ಹಾಕಿಯೇ ಇಪ್ಪತ್ತು ಸಲ ಎಳೆದರೆ ಒಳಗೆ ಪೆಟ್ರೋಲ್ ತುಂಬಿ ಪ್ಲಗ್ ನೆನೆಯುತ್ತದೆ. ಆಮೇಲೆ ಎಷ್ಟು ಎಳೆದರೂ ಇಲ್ಲ.

ಪ್ಲಗ್ ಮತ್ತು ಕಿಡಿ

ಪ್ಲಗ್ ಬಿಚ್ಚಿ ತುದಿ ನೋಡಿ. ತಿಳಿಯಾದ ಚೊಗರಿನ (ಅಡಿಕೆ ಬೇಯಿಸಿದ ನೀರಿನ) ಕಂದು ಬಣ್ಣ ಇದ್ದರೆ ಎಂಜಿನ್ ಚೆನ್ನಾಗಿ ಉರಿಯುತ್ತಿದೆ ಎಂದರ್ಥ. ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲ್ ಅಥವಾ ಆಯಿಲ್ ಜಾಸ್ತಿ, ಇಲ್ಲವೇ ಏರ್ ಫಿಲ್ಟರ್ ಕಟ್ಟಿದೆ. ಬೆಳ್ಳಗೆ ಸುಣ್ಣದ ಹಾಗಿದ್ದರೆ ಪೆಟ್ರೋಲ್ ಕಡಿಮೆ ಬರುತ್ತಿದೆ, ಎಂಜಿನ್ ಅತಿಯಾಗಿ ಕಾಯುತ್ತಿದೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಬರುತ್ತಿಲ್ಲ ಅಥವಾ ಚೋಕ್‌ನಿಂದ ತುಂಬಿದೆ. ಎಷ್ಟು ಎಳೆದರೂ ಪ್ಲಗ್ ಪೂರ್ತಿ ಒಣಗಿಯೇ ಇದ್ದರೆ ಪೆಟ್ರೋಲ್ ಒಳಗೇ ಹೋಗಿಲ್ಲ. ಇದೊಂದು ಗುರುತಿನಿಂದ ಅರ್ಧ ದಿನದ ಹುಡುಕಾಟ ಉಳಿಯುತ್ತದೆ.

ನೆನೆದ ಎಂಜಿನ್ ಆದರೆ ಸ್ವಿಚ್ ಆಫ್ ಮಾಡಿ, ಪ್ಲಗ್ ತೂತು ಕೆಳಗೆ ಬರುವ ಹಾಗೆ ಮೆಷಿನ್ ತಿರುಗಿಸಿ, ಹತ್ತು ಸಲ ಹಗ್ಗ ಎಳೆಯಿರಿ. ಪೆಟ್ರೋಲ್ ಹೊರಗೆ ಚಿಮ್ಮುತ್ತದೆ, ಮುಖ ದೂರ ಇರಲಿ. ಕಾಲು ಗಂಟೆ ಹಾಗೇ ಬಿಡಿ.

ಪ್ಲಗ್ಗನ್ನು ಬ್ರಶ್‌ನಿಂದ ಉಜ್ಜಿ ಒಣಗಿಸಿ. ಎರಡು ತುದಿಗಳ ನಡುವಿನ ಸಂದು ಸುಮಾರು 0.5ರಿಂದ 0.7 ಮಿಲಿಮೀಟರ್ ಇರಬೇಕು. ಕಿಡಿ ನೋಡಲು ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ. ಅದರ ಲೋಹದ ಮೈಯನ್ನು ಪ್ಲಗ್ ತೂತಿನಿಂದ ದೂರದ ಒಂದು ಬೋಲ್ಟಿಗೆ ಒತ್ತಿ ಹಿಡಿಯಿರಿ. ಹಿಡಿಯುವುದು ರಬ್ಬರ್ ಹಿಡಿಯ ಪ್ಲೇಯರ್‌ನಿಂದ. ತೂತಿನ ಮೇಲೆ ಬಟ್ಟೆ ಮುಚ್ಚಿ, ಯಾಕೆಂದರೆ ಅಲ್ಲಿಂದ ಪೆಟ್ರೋಲ್ ಆವಿ ಬರುತ್ತದೆ. ಚೆಲ್ಲಿದ ಪೆಟ್ರೋಲ್ ಆರಿದ ಮೇಲೆಯೇ ಇದನ್ನು ಮಾಡಿ. ಈಗ ಸ್ವಿಚ್ ಆನ್ ಮಾಡಿ ನೆರಳಿನಲ್ಲಿ ಹಗ್ಗ ಎಳೆದರೆ ಚಟಚಟ ನೀಲಿ ಕಿಡಿ ಕಾಣಬೇಕು.

ಕಿಡಿ ಇಲ್ಲವೇ? ಹೊಸ ಪ್ಲಗ್ ಹಾಕಿ ನೋಡಿ. ಆಗಲೂ ಇಲ್ಲದಿದ್ದರೆ ಹಿಡಿಯ ಮೇಲಿನ ಸ್ವಿಚ್ಚಿನ ಮೇಲೆ ಅನುಮಾನ ಪಡಿ. ಈ ಎಂಜಿನ್ ನಿಲ್ಲಿಸುವ ರೀತಿ ಮನೆಯ ಬಲ್ಬಿನ ಸ್ವಿಚ್ಚಿನ ಹಾಗಲ್ಲ. ಸ್ವಿಚ್ಚು ಕಿಡಿಗೆ ಕರೆಂಟ್ ಕೊಡುವ ಕಾಯಿಲ್‌ನ ವೈರನ್ನು ಎಂಜಿನ್ ಮೈಗೆ ತಾಗಿಸುತ್ತದೆ, ಆಗ ಕಿಡಿ ನಿಲ್ಲುತ್ತದೆ. ಹಾಗಾಗಿ ಸ್ವಿಚ್ಚಿನಲ್ಲಿ ಮಳೆನೀರು ನಿಂತರೆ, ವೈರಿನ ಮೈ ಸವೆದು ಕಬ್ಬಿಣಕ್ಕೆ ತಾಗಿದರೆ ಮೆಷಿನ್ ಸದಾ ಆಫ್ ಆಗಿಯೇ ಇರುತ್ತದೆ. ಎಂಜಿನ್ ಹತ್ತಿರ ಆ ಸಣ್ಣ ವೈರಿನ ಜೋಡಣೆ ಬಿಚ್ಚಿ ಮತ್ತೆ ಕಿಡಿ ನೋಡಿ. ಕಿಡಿ ಬಂದರೆ ಕಾಯಿಲ್ ಸರಿ ಇದೆ, ತಪ್ಪು ಸ್ವಿಚ್ಚಿನದ್ದು. ವೈರ್ ಬಿಚ್ಚಿಯೇ ಕೆಲಸ ಮಾಡಲು ಹೋಗಬೇಡಿ. ನಿಲ್ಲಿಸಲು ಸ್ವಿಚ್ ಇಲ್ಲದ ಬ್ಲೇಡ್ ಬಹಳ ಅಪಾಯ.

ವೈರ್ ಬಿಚ್ಚಿದರೂ ಕಿಡಿ ಇಲ್ಲದಿದ್ದರೆ ಮುಚ್ಚಳ ತೆಗೆದು ಕಾಯಿಲ್ ನೋಡಿ. ಎಂಜಿನ್ ಜೊತೆ ತಿರುಗುವ ಚಕ್ರದ, ಅಂದರೆ ಫ್ಲೈವೀಲ್‌ನ ಆಯಸ್ಕಾಂತಕ್ಕೆ ತುಕ್ಕು ಹಿಡಿದಿದ್ದರೆ ಉಪ್ಪು ಕಾಗದದಲ್ಲಿ ಉಜ್ಜಿ. ಕಾಯಿಲ್‌ಗೂ ಆಯಸ್ಕಾಂತಕ್ಕೂ ನಡುವೆ ಸುಮಾರು 0.3 ಮಿಲಿಮೀಟರ್ ಸಂದು ಬೇಕು. ದಪ್ಪನೆಯ ವಿಸಿಟಿಂಗ್ ಕಾರ್ಡ್ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಕಾಯಿಲ್ ಬೋಲ್ಟ್ ಸಡಿಲಿಸಿ, ನಡುವೆ ಕಾರ್ಡ್ ಇಟ್ಟು, ಆಯಸ್ಕಾಂತ ಎಳೆದುಕೊಂಡ ಮೇಲೆ ಬೋಲ್ಟ್ ಬಿಗಿಮಾಡಿ ಕಾರ್ಡ್ ಎಳೆಯಿರಿ. ಇಷ್ಟಾದರೂ ಕಿಡಿ ಇಲ್ಲದಿದ್ದರೆ ಹೊಸ ಕಾಯಿಲ್ ಬೇಕು. ಒಂದು ಗುರುತು ನೆನಪಿರಲಿ: ಬೆಳಿಗ್ಗೆ ಚೆನ್ನಾಗಿ ಓಡಿ, ಕಾದ ಮೇಲೆ ನಿಂತು, ಪೂರ್ತಿ ತಣ್ಣಗಾದ ಮೇಲೆಯೇ ಮತ್ತೆ ಸ್ಟಾರ್ಟ್ ಆಗುವ ಮೆಷಿನ್‌ನ ಕಾಯಿಲ್ ಮುಪ್ಪಾಗಿರುವ ಸಾಧ್ಯತೆ ಜಾಸ್ತಿ.

ಗಾಳಿ ಒಳಗೆ, ಹೊಗೆ ಹೊರಗೆ

ಏರ್ ಫಿಲ್ಟರ್ ಸ್ಪಂಜಿನದ್ದಾದರೆ ಸೋಪಿನ ನೀರಿನಲ್ಲಿ ತೊಳೆದು, ಹಿಂಡಿ, ನೆರಳಲ್ಲಿ ಪೂರ್ತಿ ಒಣಗಿಸಿ. ಪುಸ್ತಕದಲ್ಲಿ ಎಣ್ಣೆ ಹಚ್ಚಲು ಹೇಳಿದ್ದರೆ ಎರಡು ಹನಿ ಆಯಿಲ್ ಹಾಕಿ ಹಿಂಡಿ. ಕಾಗದದ್ದಾದರೆ ತೊಳೆಯಬಾರದು, ತಟ್ಟಿ ಧೂಳು ಉದುರಿಸಬೇಕು.

ಸೈಲೆನ್ಸರ್ ಕಡೆ ಯಾರೂ ನೋಡುವುದಿಲ್ಲ. ಅದರ ಬಾಯಲ್ಲಿ ಕಿಡಿ ತಡೆಯುವ ಸಣ್ಣ ಜಾಲರಿ ಇರುತ್ತದೆ. ಟೂ ಸ್ಟ್ರೋಕ್‌ನಲ್ಲಿ ಅದು ಮಸಿ ಕಟ್ಟಿ ಮುಚ್ಚಿಹೋಗುತ್ತದೆ. ಆಗ ಮೆಷಿನ್ ಸ್ಟಾರ್ಟ್ ಆಗುತ್ತದೆ, ಆದರೆ ಎಕ್ಸಲೇಟರ್ ಕೊಟ್ಟರೆ ಶಕ್ತಿ ಇಲ್ಲ. ಜಾಲರಿ ತೆಗೆದು ಬ್ರಶ್‌ನಿಂದ ಉಜ್ಜಿ ಮತ್ತೆ ಅಲ್ಲೇ ಹಾಕಿ. ಬೇಸಿಗೆಯ ಒಣಹುಲ್ಲಿನಲ್ಲಿ ಆ ಜಾಲರಿ ಇಲ್ಲದೆ ಓಡಿಸಿದರೆ ಬ್ಯಾಣಕ್ಕೇ ಬೆಂಕಿ ಬೀಳಬಹುದು. ತಿಂಗಳುಗಟ್ಟಲೆ ಮೂಲೆಯಲ್ಲಿದ್ದ ಮೆಷಿನ್‌ನ ಸೈಲೆನ್ಸರ್ ಬಾಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರುವುದೂ ಉಂಟು. ಒಂದು ಕಡ್ಡಿ ಹಾಕಿ ನೋಡಿ.

ಕಾರ್ಬುರೇಟರ್: ತಾಳ್ಮೆ ಬೇಕಾದ ಜಾಗ

ಪೆಟ್ರೋಲ್ ಹೊಸದು, ಕಿಡಿ ಚೆನ್ನಾಗಿದೆ, ಆದರೂ ಪ್ಲಗ್ ಒಣಗಿಯೇ ಇದೆ. ಅಥವಾ ಚೋಕ್ ಹಾಕಿದಾಗ ಮಾತ್ರ ಓಡುತ್ತದೆ, ತೆಗೆದರೆ ಸಾಯುತ್ತದೆ. ಆಗ ಮಾತ್ರ ಕಾರ್ಬುರೇಟರ್ ಬಿಚ್ಚಿ. ಅದಕ್ಕೆ ಮೊದಲು ಒಂದು ಸಣ್ಣ ಪರೀಕ್ಷೆ: ಏರ್ ಫಿಲ್ಟರ್ ತೆಗೆದು, ಕಾರ್ಬುರೇಟರ್ ಬಾಯಿಗೆ ಸಿರಿಂಜ್‌ನಲ್ಲಿ ಐದಾರು ಹನಿ ಪೆಟ್ರೋಲ್ ಬಿಟ್ಟು ಎಳೆಯಿರಿ. ಟೂ ಸ್ಟ್ರೋಕ್ ಆದರೆ ಆಯಿಲ್ ಬೆರೆಸಿದ್ದೇ ಆಗಬೇಕು. ಎರಡು ಸೆಕೆಂಡ್ ಓಡಿ ನಿಂತರೆ ಎಂಜಿನ್ ಚೆನ್ನಾಗಿದೆ, ಕಾರ್ಬುರೇಟರ್ ಪೆಟ್ರೋಲ್ ಕೊಡುತ್ತಿಲ್ಲ ಎಂದು ಖಾತ್ರಿ.

ಕಳೆ ಮೆಷಿನ್‌ನ ಕಾರ್ಬುರೇಟರ್ ಬೈಕಿನ ಹಾಗಲ್ಲ. ಬೈಕಿನಲ್ಲಿ ಫ್ಲೋಟ್ ಇರುತ್ತದೆ, ಮೆಷಿನ್ ಓರೆ ಮಾಡಿದರೆ ಅದು ಕೆಲಸ ಮಾಡುವುದಿಲ್ಲ. ದಿಬ್ಬದ ಬದಿಯಲ್ಲಿ ಹೇಗೆ ಬೇಕಾದರೂ ತಿರುಗಿಸುವ ಮೆಷಿನ್‌ಗೆ ಅದು ಆಗದು. ಹಾಗಾಗಿ ಇದರಲ್ಲಿ ಸಾಮಾನ್ಯವಾಗಿ ಎರಡು ತೆಳು ಪರದೆಗಳಿರುತ್ತವೆ, ಡಯಾಫ್ರಂ ಎನ್ನುತ್ತಾರೆ. ಒಂದು ಎಂಜಿನ್‌ನ ಉಸಿರಾಟಕ್ಕೆ ಮಿಡಿಯುತ್ತಾ ಟ್ಯಾಂಕ್‌ನಿಂದ ಪೆಟ್ರೋಲ್ ಎಳೆಯುತ್ತದೆ. ಇನ್ನೊಂದು ಪುಟ್ಟ ಸೂಜಿಯನ್ನು ಎತ್ತಿ ಇಳಿಸಿ ಎಷ್ಟು ಬೇಕೋ ಅಷ್ಟೇ ಪೆಟ್ರೋಲ್ ಬಿಡುತ್ತದೆ. ಹಳೇ ಪೆಟ್ರೋಲ್ ಒಣಗಿದಾಗ ಅಂಟು ಉಳಿದು ಸೂಜಿಯನ್ನು ಹಿಡಿದುಬಿಡುತ್ತದೆ. ಪರದೆಗಳು ಗಟ್ಟಿಯಾಗುತ್ತವೆ.

ಎರಡು ಪೈಪು, ಎಕ್ಸಲೇಟರ್ ಕೇಬಲ್ ಕಳಚಿ, ಎರಡು ಸ್ಕ್ರೂ ಬಿಚ್ಚಿದರೆ ಕಾರ್ಬುರೇಟರ್ ಕೈಗೆ ಬರುತ್ತದೆ. ಹಿಂದಿರುವ ಗ್ಯಾಸ್ಕೆಟ್, ಅಂದರೆ ಸಂದು ಮುಚ್ಚುವ ತೆಳು ಹಾಳೆ, ಹರಿಯದ ಹಾಗೆ ತೆಗೆಯಿರಿ. ಹೊರಮೈಯ ಮಣ್ಣನ್ನು ಮೊದಲೇ ತೊಳೆದುಬಿಡಿ. ನಾಲ್ಕು ಸ್ಕ್ರೂ ಇರುವ ಬದಿಯ ಮುಚ್ಚಳ ತೆಗೆದರೆ ಸೂಜಿಯ ಕಡೆಯ ಪರದೆ ಕಾಣುತ್ತದೆ. ಪರದೆ ಮೊದಲೋ, ಗ್ಯಾಸ್ಕೆಟ್ ಮೊದಲೋ ಎಂಬುದನ್ನು ಫೋಟೋ ತೆಗೆಯಿರಿ. ಕಾರ್ಬುರೇಟರ್‌ನ ಎರಡು ಬದಿಯಲ್ಲಿ ಈ ಕ್ರಮ ಬೇರೆ ಬೇರೆ ಇರಬಹುದು. ತಪ್ಪಿದರೆ ಪೆಟ್ರೋಲ್ ಬರುವುದೇ ಇಲ್ಲ.

ಪರದೆಯನ್ನು ಬೆಳಕಿಗೆ ಹಿಡಿದು ತೂತು ನೋಡಿ. ಮೆತ್ತಗೆ ಬಟ್ಟೆಯ ಹಾಗಿರಬೇಕು. ಒಣಗಿದ ಅಡಿಕೆ ಹಾಳೆಯ ಹಾಗೆ ಗರಗರ ಎಂದರೆ ಬದಲಿಸಲೇಬೇಕು. ಅಂಗಡಿಯಲ್ಲಿ ಕಾರ್ಬುರೇಟರ್ ಕಿಟ್ ಎಂದು ಕೇಳಿ. ಹಳೆಯ ಪರದೆ ಜೊತೆಗೆ ಒಯ್ಯಿರಿ, ಮಾಡೆಲ್ ನಂಬರ್ ಇದ್ದರೆ ಅದನ್ನೂ ಬರೆದುಕೊಳ್ಳಿ.

ಪರದೆಯ ಕೆಳಗೆ ಸಣ್ಣ ಸನ್ನೆ, ಅದರಡಿ ಸ್ಪ್ರಿಂಗ್, ಸನ್ನೆಯ ತುದಿಗೆ ಸೂಜಿ. ಸನ್ನೆಯನ್ನು ಹಿಡಿದಿರುವ ಸ್ಕ್ರೂ ಬಿಚ್ಚುವಾಗ ಬೆರಳು ಒತ್ತಿಯೇ ಇರಲಿ, ಸ್ಪ್ರಿಂಗ್ ಹಾರುತ್ತದೆ. ಸನ್ನೆಯನ್ನು ಬಗ್ಗಿಸಬೇಡಿ. ಇನ್ನೊಂದು ಬದಿಯ ಮುಚ್ಚಳ ತೆಗೆದರೆ ಪಂಪಿನ ಪರದೆ, ಅದರ ಹಿಂದೆ ಒಂದು ತೂತಿನಲ್ಲಿ ಎಳ್ಳಿಗಿಂತ ಸ್ವಲ್ಪ ದೊಡ್ಡದಾದ ಜಾಲರಿ. ಬಹಳ ಸಲ ಕಸ ಸಿಕ್ಕಿಕೊಂಡಿರುವುದು ಈ ಜಾಲರಿಯಲ್ಲೇ. ಸೂಜಿಯ ತುದಿಯಿಂದ ಮೆಲ್ಲಗೆ ಎತ್ತಿ ತೊಳೆಯಿರಿ.

ಎಲ್ ಮತ್ತು ಎಚ್ ಎಂಬ ಗುರುತಿನ ಎರಡು ಸ್ಕ್ರೂ ಇದ್ದರೆ, ಬಿಚ್ಚುವ ಮೊದಲು ಬಲಕ್ಕೆ ಮೆಲ್ಲಗೆ ತಿರುಗಿಸಿ ಎಷ್ಟು ಸುತ್ತಿಗೆ ನಿಲ್ಲುತ್ತದೆ ಎಂದು ಎಣಿಸಿ ಬರೆದುಕೊಳ್ಳಿ. ಹಿಂದೆ ಹಾಕುವಾಗ ಅಷ್ಟೇ ಸುತ್ತು ಬಿಡಬೇಕು. ಲೆಕ್ಕ ತಪ್ಪಿದರೆ ಎರಡನ್ನೂ ಒಂದರಿಂದ ಒಂದೂವರೆ ಸುತ್ತು ಬಿಟ್ಟು ಶುರುಮಾಡಬಹುದು. ಗಟ್ಟಿಯಾಗಿ ಬಿಗಿದರೆ ಸ್ಕ್ರೂವಿನ ಚೂಪು ತುದಿ ಹಾಳಾಗುತ್ತದೆ.

ರಬ್ಬರ್, ಪರದೆ, ಗ್ಯಾಸ್ಕೆಟ್ ಎಲ್ಲಾ ಬೇರೆ ಇಟ್ಟ ಮೇಲೆ ಪ್ರತಿ ತೂತಿಗೂ ಕ್ಲೀನರ್ ಸ್ಪ್ರೇ ಹೊಡೆಯಿರಿ. ಕಣ್ಣಿಗೆ ಕನ್ನಡಕ ಇರಲಿ, ಒಂದು ತೂತಿಗೆ ಹೊಡೆದರೆ ಇನ್ನೊಂದರಿಂದ ಚಿಮ್ಮಿ ಕಣ್ಣಿಗೇ ಬರುತ್ತದೆ. ಕಟ್ಟಿದ ತೂತಿಗೆ ಸೇಫ್ಟಿ ಪಿನ್, ಉಕ್ಕಿನ ತಂತಿ ಹಾಕಬೇಡಿ. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಪೆಟ್ರೋಲ್ ಲೆಕ್ಕ ತಪ್ಪುತ್ತದೆ. ಕರೆಂಟ್ ವೈರಿನೊಳಗಿನ ಒಂದೇ ಒಂದು ತಾಮ್ರದ ಎಳೆ ಸಾಕು. ಸೈಕಲ್ ಪಂಪಿನಿಂದ ಗಾಳಿ ಹೊಡೆದು, ಫೋಟೋ ನೋಡುತ್ತಾ ಹಿಂದೆ ಜೋಡಿಸಿ.

ಸ್ಟಾರ್ಟ್ ಆದ ಮೇಲೆ ಎಂಜಿನ್ ಐದು ನಿಮಿಷ ಬಿಸಿಯಾಗಲು ಬಿಡಿ. ಎಕ್ಸಲೇಟರ್ ಕೊಟ್ಟಾಗ ತಡವರಿಸಿದರೆ ಎಲ್ ಸ್ಕ್ರೂವನ್ನು ಕಾಲು ಸುತ್ತಿನ ಒಳಗೆ ಮಾತ್ರ ಆಚೀಚೆ ಮಾಡಿ. ಎಚ್ ಸ್ಕ್ರೂವನ್ನು ಬಲಕ್ಕೆ ತಿರುಗಿಸಿದಷ್ಟೂ ಸದ್ದು ಚುರುಕಾಗುತ್ತದೆ, ಶಕ್ತಿ ಬಂತು ಅನಿಸುತ್ತದೆ. ಆ ಆಸೆಗೆ ಬೀಳಬೇಡಿ. ಪೆಟ್ರೋಲ್ ಕಡಿಮೆಯಾದರೆ ಅದರ ಜೊತೆ ಬರುವ ಆಯಿಲ್ಲೂ ಕಡಿಮೆಯಾಗುತ್ತದೆ, ಪಿಸ್ಟನ್ ಹಿಡಿದುಕೊಳ್ಳುತ್ತದೆ. ಮೊದಲು ಎಣಿಸಿಟ್ಟ ಸುತ್ತಿನಲ್ಲೇ ಇರಲಿ.

ಸ್ಟಾರ್ಟ್ ಆಗುತ್ತದೆ, ಆದರೆ…

ಹತ್ತು ನಿಮಿಷ ಓಡಿ ನಿಲ್ಲುತ್ತದೆಯೇ? ನಿಂತ ಕೂಡಲೇ ಟ್ಯಾಂಕ್ ಮುಚ್ಚಳವನ್ನು ಮೆಲ್ಲಗೆ ಸಡಿಲಿಸಿ. ಉಸ್ ಎಂದು ಗಾಳಿ ಎಳೆದುಕೊಂಡು, ಆಮೇಲೆ ಮೆಷಿನ್ ಸ್ಟಾರ್ಟ್ ಆದರೆ ಗಾಳಿ ಹೋಗುವ ದಾರಿ ಕಟ್ಟಿದೆ. ಪೆಟ್ರೋಲ್ ಖಾಲಿಯಾದಷ್ಟು ಗಾಳಿ ಒಳಗೆ ಬರಬೇಕು ಅಲ್ವಾ. ಮುಚ್ಚಳದ ತೂತು ಅಥವಾ ಟ್ಯಾಂಕ್‌ನ ಪುಟ್ಟ ವಾಲ್ವ್ ತೊಳೆದರೆ ಮುಗಿಯಿತು.

ಎಕ್ಸಲೇಟರ್ ಬಿಟ್ಟರೂ ಬ್ಲೇಡ್ ತಿರುಗುತ್ತಲೇ ಇದ್ದರೆ ಐಡಲ್ ಸ್ಕ್ರೂವನ್ನು ಎಡಕ್ಕೆ ಸ್ವಲ್ಪ ತಿರುಗಿಸಿ ವೇಗ ಇಳಿಸಿ. ಇಳಿಸಿದರೂ ನಿಲ್ಲದಿದ್ದರೆ, ಎಂಜಿನ್ ನಿಧಾನವಾದಾಗ ಬ್ಲೇಡಿನ ಸಂಪರ್ಕ ಬಿಡಿಸುವ ಕ್ಲಚ್‌ನ ಸ್ಪ್ರಿಂಗ್ ಮುರಿದಿದೆ ಅಥವಾ ಸೋತಿದೆ. ಇದನ್ನು ಸರಿಮಾಡದೆ ತೋಟಕ್ಕೆ ಒಯ್ಯಬಾರದು.

ಹಗ್ಗ ಎಳೆದರೆ ಏನೂ ತಡೆಯೇ ಇಲ್ಲದೆ ಸಲೀಸಾಗಿ ಬಂದರೆ ಕಂಪ್ರೆಶನ್, ಅಂದರೆ ಸಿಲಿಂಡರ್ ಒಳಗಿನ ಗಾಳಿಯ ಒತ್ತಡ, ಹೋಗಿರಬಹುದು. ಪ್ಲಗ್ ತೂತಿನ ಮೇಲೆ ಹೆಬ್ಬೆರಳು ಒತ್ತಿ ಎಳೆಯಿರಿ. ಗಾಳಿ ಬೆರಳನ್ನು ತಳ್ಳಬೇಕು. ತಳ್ಳದಿದ್ದರೆ ಟೂ ಸ್ಟ್ರೋಕ್‌ನಲ್ಲಿ ಸೈಲೆನ್ಸರ್ ಬಿಚ್ಚಿ ಆ ತೂತಿನಿಂದ ಪಿಸ್ಟನ್ ನೋಡಬಹುದು. ಮೈ ನುಣುಪಾಗಿರಬೇಕು. ಉದ್ದುದ್ದ ಗೀರುಗಳಿದ್ದರೆ ಅದು ಮನೆಯ ಕೆಲಸವಲ್ಲ. ಪಿಸ್ಟನ್, ಸಿಲಿಂಡರ್ ಬೆಲೆ ಕೇಳಿ, ಹೊಸ ಮೆಷಿನ್ ಬೆಲೆಯ ಪಕ್ಕ ಇಟ್ಟು ನೋಡಿ ತೀರ್ಮಾನ ಮಾಡಿ.

ಹಗ್ಗ ಕಡಿದರೆ

ಸ್ಟಾರ್ಟರ್ ಮುಚ್ಚಳ ಬಿಚ್ಚಿ ಹಳೇ ಹಗ್ಗ ತೆಗೆಯಿರಿ. ಅಷ್ಟೇ ದಪ್ಪದ, ಅಷ್ಟೇ ಉದ್ದದ ನೈಲಾನ್ ಹಗ್ಗ ಬೇಕು. ತುದಿಯನ್ನು ಬೆಂಕಿಗೆ ಹಿಡಿದು ಕರಗಿಸಿ, ಪೆಟ್ರೋಲ್‌ನಿಂದ ದೂರ ಹೋಗಿ. ರಾಟೆಯ ತೂತಿಗೆ ಪೋಣಿಸಿ ಗಂಟು ಹಾಕಿ. ಹಗ್ಗ ಪೂರ್ತಿ ಸುತ್ತಿ, ಎರಡು ಮೂರು ಸುತ್ತು ಹೆಚ್ಚಿಗೆ ತಿರುಗಿಸಿ ಸ್ಪ್ರಿಂಗ್ ಬಿಗಿಮಾಡಿ. ಹಿಡಿ ಬಿಟ್ಟಾಗ ಹಗ್ಗ ತಾನೇ ಒಳಗೆ ಹೋಗಬೇಕು. ಪೂರ್ತಿ ಎಳೆದ ಮೇಲೂ ರಾಟೆ ಇನ್ನೂ ಅರ್ಧ ಸುತ್ತು ತಿರುಗುವಷ್ಟು ಸಡಿಲ ಇರಬೇಕು, ಇಲ್ಲದಿದ್ದರೆ ಸ್ಪ್ರಿಂಗ್ ಮುರಿಯುತ್ತದೆ. ರಾಟೆ ಎತ್ತುವಾಗ ಸ್ಪ್ರಿಂಗ್ ಎಗರಿ ಮುಖಕ್ಕೆ ಬಡಿಯಬಹುದು. ಕನ್ನಡಕ ಮರೆಯಬೇಡಿ.

ಬ್ಲೇಡ್ ಮತ್ತು ಗೇರ್ ತಲೆ

ಬ್ಲೇಡಿನ ನಟ್ ಹೆಚ್ಚಿನ ಮೆಷಿನ್‌ಗಳಲ್ಲಿ ಉಲ್ಟಾ ಸುತ್ತಿನದು. ಬಿಚ್ಚಲು ಬಲಕ್ಕೆ, ಬಿಗಿ ಮಾಡಲು ಎಡಕ್ಕೆ. ಇದು ಗೊತ್ತಿಲ್ಲದೆ ಎಡಕ್ಕೆ ಜೋರಾಗಿ ತಿರುಗಿಸಿ ಸುತ್ತು ಹಾಳು ಮಾಡಿದವರನ್ನು ನೋಡಿದ್ದೇನೆ. ಗೇರ್ ತಲೆಯ ಬದಿಯ ತೂತಿಗೆ ಪಿನ್ ಸಿಕ್ಕಿಸಿದರೆ ಬ್ಲೇಡ್ ತಿರುಗದೆ ನಿಲ್ಲುತ್ತದೆ. ಬಿರುಕು ಬಿಟ್ಟ ಬ್ಲೇಡನ್ನು ವೆಲ್ಡ್ ಮಾಡಿಸಿ ಹಾಕಬೇಡಿ, ಎಸೆಯಿರಿ. ಆ ವೇಗದಲ್ಲಿ ತುಂಡು ಹಾರಿದರೆ ಕಾಲು ಉಳಿಯುವುದಿಲ್ಲ. ಅರ ಹಾಕುವಾಗ ಎಲ್ಲಾ ಹಲ್ಲಿಗೂ ಒಂದೇ ಲೆಕ್ಕದ ಉಜ್ಜು. ಒಂದು ಕಡೆ ಜಾಸ್ತಿ ಸವೆದರೆ ತೂಕ ತಪ್ಪಿ ಕೈ ನಡುಗುತ್ತದೆ.

ಗೇರ್ ತಲೆ ಕೈ ಇಡಲಾರದಷ್ಟು ಬಿಸಿಯಾಗುತ್ತಿದ್ದರೆ ಗ್ರೀಸ್ ಮುಗಿದಿದೆ. ಬದಿಯ ಬೋಲ್ಟ್ ತೆಗೆದು ನೋಡಿ, ಒಳಗೆ ಒಣಗಿದ್ದರೆ ಗೇರ್ ಗ್ರೀಸ್ ಸ್ವಲ್ಪ ಒತ್ತಿ. ಬಾಯಿತನಕ ತುಂಬಬೇಡಿ, ಜಾಸ್ತಿಯಾದರೂ ಕಾಯುತ್ತದೆ. ಶಾಫ್ಟಿಗೆ ಸುತ್ತಿಕೊಂಡ ಹುಲ್ಲನ್ನು ಪ್ರತಿ ದಿನ ಕೆಲಸ ಮುಗಿದ ಮೇಲೆ ಬಿಡಿಸಿದರೆ ಗ್ರೀಸ್ ತಡೆಯುವ ಸೀಲ್ ಬಾಳಿಕೆ ಬರುತ್ತದೆ. ಬ್ಲೇಡ್ ಬದಲು ನೈಲಾನ್ ದಾರ ಬಳಸುವವರು ದಾರವನ್ನು ಹಿಂದಿನ ರಾತ್ರಿ ನೀರಿನಲ್ಲಿ ನೆನೆಹಾಕಿ. ನೀರು ಹೀರಿದ ನೈಲಾನ್ ಪಟಪಟ ಮುರಿಯುವುದಿಲ್ಲ.

ಮಳೆಗಾಲಕ್ಕೆ ಎತ್ತಿಡುವಾಗ

ಇಷ್ಟೆಲ್ಲಾ ಬಿಚ್ಚುವ ಕೆಲಸವನ್ನು ಹತ್ತು ನಿಮಿಷದ ಕೆಲಸ ತಪ್ಪಿಸುತ್ತದೆ. ತಿಂಗಳಿಗಿಂತ ಹೆಚ್ಚು ಎತ್ತಿಡುವುದಾದರೆ ಟ್ಯಾಂಕ್ ಖಾಲಿ ಮಾಡಿ. ಪ್ರೈಮರ್ ಬಲ್ಬ್ ಒತ್ತಿ ಪೈಪಿನಲ್ಲಿದ್ದುದನ್ನೂ ಟ್ಯಾಂಕ್‌ಗೆ ಕಳಿಸಿ ಬಗ್ಗಿಸಿ. ಆಮೇಲೆ ಸ್ಟಾರ್ಟ್ ಮಾಡಿ ತಾನೇ ನಿಲ್ಲುವವರೆಗೆ ಮೆಲ್ಲಗೆ ಓಡಿಸಿ, ಕಾರ್ಬುರೇಟರ್ ಒಣಗುತ್ತದೆ. ತಣ್ಣಗಾದ ಮೇಲೆ ಪ್ಲಗ್ ಬಿಚ್ಚಿ ಒಂದು ಚಮಚದಷ್ಟು ಆಯಿಲ್ ಒಳಗೆ ಬಿಡಿ. ಎರಡು ಸಲ ಮೆಲ್ಲಗೆ ಹಗ್ಗ ಎಳೆದು ಪ್ಲಗ್ ಹಾಕಿ. ಸಿಲಿಂಡರ್ ತುಕ್ಕು ಹಿಡಿಯುವುದಿಲ್ಲ. ಬ್ಲೇಡಿಗೂ ಎಣ್ಣೆ ಬಟ್ಟೆ ಒರೆಸಿ.

ಬೆಚ್ಚಗಿರುತ್ತದೆ ಎಂದು ಬಚ್ಚಲ ಒಲೆಯ ಹತ್ತಿರ, ಹೊಗೆ ಅಟ್ಟದಲ್ಲಿ ಇಡಬೇಡಿ. ಖಾಲಿ ಟ್ಯಾಂಕ್‌ನಲ್ಲೂ ಪೆಟ್ರೋಲ್ ಆವಿ ಉಳಿದಿರುತ್ತದೆ. ಗಾಳಿಯಾಡುವ ಗೋಡೆಗೆ ಎರಡು ಗೂಟ ಹೊಡೆದು ನೆಲದಿಂದ ಎತ್ತರದಲ್ಲಿ ನೇತುಹಾಕಿ. ಸೈಲೆನ್ಸರ್ ಬಾಯಿಗೆ ಒಂದು ಬಟ್ಟೆಯ ಉಂಡೆ ತುರುಕಿ, ಅದರ ದಾರವನ್ನು ಸ್ಟಾರ್ಟರ್ ಹಿಡಿಗೆ ಕಟ್ಟಿ. ಮಳೆ ಮುಗಿದು ಹಗ್ಗ ಎಳೆಯಲು ಕೈ ಹಾಕಿದಾಗ ಮೊದಲು ಆ ದಾರ ಕೈಗೆ ಸಿಗುತ್ತದೆ, ಬಟ್ಟೆ ತೆಗೆಯುವುದು ಮರೆಯುವುದಿಲ್ಲ.